ಪಾರ್ಸೆಲ್ ದಾರ ಕಟ್ಟಿದ ಮರ

ದೇವದಾಸಣ್ಣನನ್ನು ನಾನು ಮೊದಲ ಸಲ ನೋಡಿದ್ದು ಕಳ್ಳನೆಂದು. ಈ ಮಾತು ಹೇಳಿದರೆ ಅವರ ಮನೆಯವರು ಇವತ್ತಿಗೂ ನಗುತ್ತಾರೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

೧೯೯೬ರ ಆಷಾಢ ಅಮಾವಾಸ್ಯೆ. ಕಲಬುರಗಿ ಕಡೆಯವರಾದ ನಾವು ಪುಣೆಯ ಕೋಥರೂಡದ ಈ ಫ್ಲ್ಯಾಟುಗಳ ಸೊಸೈಟಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ಹೋಗಿದ್ದರು. ನಸುಕಿನ ಐದು ಗಂಟೆಗೆ ಹಾಲು ತರೋಣವೆಂದು ಕೆಳಗಿಳಿದೆ. ಗೇಟಿನಲ್ಲಿ ಒಬ್ಬ ಗಂಡಸು ನಿಂತಿದ್ದ. ಮೈಮೇಲೆ ಅಂಗಿಯಿಲ್ಲ, ಸೊಂಟಕ್ಕೆ ಒಂದು ಒದ್ದೆ ಟವೆಲು, ಒಂದು ಕೈಯಲ್ಲಿ ಮುಷ್ಟಿಗಾತ್ರದ ಕಲ್ಲು, ಇನ್ನೊಂದು ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಏನೋ ಗಂಟು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ.

"ಯಾರ್ರಿ ನೀವು? ಯಾರ ಮನಿಗೆ ಬಂದೀರಿ?" ಎಂದೆ. ಅಷ್ಟರಲ್ಲಿ ಇದು ಪುಣೆ ಎಂದು ನೆನಪಾಗಿ ಬಂದಷ್ಟು ಮರಾಠಿಯಲ್ಲಿ ಕೇಳಿದೆ. ಆಮೇಲೆ ಹಿಂದಿಯಲ್ಲಿ. ಆತ ಬಾಯಿ ಬಿಡಲಿಲ್ಲ. ಕೈ ಮುಗಿಯುವವನಂತೆ ಕಲ್ಲಿದ್ದ ಕೈಯನ್ನೇ ಮೇಲೆತ್ತಿದ. ನನಗೆ ಅಷ್ಟು ಸಾಕಾಯಿತು. "ಚೋರ್! ಚೋರ್!" ಎಂದು ನಾನು ಕೂಗಿದ ಕೂಗಿಗೆ ಎರಡೂ ಕಟ್ಟಡಗಳ ದೀಪಗಳು ಹತ್ತಿದವು.

ಎರಡನೆಯ ಮಹಡಿಯಿಂದ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬಂದರು. ನಾನು ಕೇಳಿದ ಮೊದಲ ಪ್ರಶ್ನೆ ಕನ್ನಡದ್ದೆಂದು ಅವರಿಗೆ ಮೇಲಿನಿಂದಲೇ ಕೇಳಿಸಿತ್ತಂತೆ.

"ಅಯ್ಯೋ ಕಳ್ಳ ಅಲ್ಲ ಮಾರಾಯ್ರೆ, ನನ್ನ ಗಂಡ! ಇವತ್ತು ಆಟಿ ಅಮಾವಾಸ್ಯೆ. ಮದ್ದು ಕುಡಿಯುವವರೆಗೆ ಅವರು ಮಾತಾಡ್ಲಿಕ್ಕಿಲ್ಲ!"

ಆ ಹೆಂಗಸೇ ಲೀಲಾಕ್ಷಿ, ನಮ್ಮ ಲೀಲಕ್ಕ. ಕಾರ್ಕಳದ ಕಡೆಯವರು. ನಾನು ನಾಚಿಕೆಯಿಂದ ಮುಖ ಕೆಳಗೆ ಹಾಕಿ ನಿಂತರೆ ಅವರು ಕೈ ಹಿಡಿದು ತಮ್ಮ ಮನೆಗೇ ಎಳೆದುಕೊಂಡು ಹೋದರು. ದೇವದಾಸಣ್ಣ ಗಂಟು ಬಿಚ್ಚಿದರು. ಒಳಗೆ ಮರದ ತೊಗಟೆ, ಅದರ ಅಂಚಿನಲ್ಲಿ ಬಿಳಿ ಹಾಲು. ಲೀಲಕ್ಕ ಅದನ್ನು ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಜೊತೆ ಜಜ್ಜಿ ರಸ ಹಿಂಡಿದರು. ಒಲೆಯ ಮೇಲೆ ಒಂದು ಬಿಳಿಯ ಬೆಣಚುಕಲ್ಲು ಕೆಂಪಗೆ ಕಾಯುತ್ತಿತ್ತು. ಅದನ್ನು ರಸದಲ್ಲಿ ಅದ್ದಿದರೆ ಚುಂಯ್ ಎಂದಿತು. ಬರೀ ಹೊಟ್ಟೆಯಲ್ಲಿ ಎಲ್ಲರೂ ಒಂದೊಂದು ಸಣ್ಣ ಲೋಟ ಕುಡಿದರು. ನನಗೂ ಕೊಟ್ಟರು. ಅಂಥ ಕಹಿ ನನ್ನ ಜನ್ಮದಲ್ಲಿ ಕುಡಿದಿರಲಿಲ್ಲ.

"ಏನ್ರಿ ಇದು, ಹಬ್ಬ ಏನ ಶಿಕ್ಷಾ?" ಎಂದೆ.

ದೇವದಾಸಣ್ಣ ಲೋಟ ಕೆಳಗಿಟ್ಟು ಆ ದಿನದ ಮೊದಲ ಮಾತು ಆಡಿದರು: "ಅಕ್ಕನಿಗೆ ಗಂಜಿ ಕೊಡು ಲೀಲಾ. ಇಲ್ಲದಿದ್ರೆ ಇನ್ನೊಮ್ಮೆ ಬೊಬ್ಬೆ ಹೊಡೆದಾರು."

ಗಂಜಿಯೆಂದರೆ ಮೆಂತೆ ಗಂಜಿ. ಅಕ್ಕಿ, ಮೆಂತೆ, ತೆಂಗಿನ ಹಾಲು, ಬೆಲ್ಲ. ಉಷ್ಣದ ಮದ್ದು ಕುಡಿದ ಹೊಟ್ಟೆಗೆ ತಂಪಾಗಲೆಂದು. ಮುಂದೆ ಇಪ್ಪತ್ತೆಂಟು ವರ್ಷ ನಾನು ಆ ಕಹಿ ಕುಡಿದದ್ದು ಆ ಗಂಜಿಯ ಆಸೆಗೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ಒಂದೇ ಅಮಾವಾಸ್ಯೆ, ನಮ್ಮ ಜಿನೆಯಲ್ಲಿ, ಅಂದರೆ ಒಂದೇ ಮೆಟ್ಟಿಲಿನ ಮೂರು ಮನೆಗಳಲ್ಲಿ, ಅದಕ್ಕೆ ಮೂರು ಹೆಸರು. ನನಗೆ ಅದು ನಾಗರ ಅಮಾವಾಸ್ಯೆ. ಪಂಚಮಿ ಉಂಡಿಗೆ ಶೇಂಗಾ, ಎಳ್ಳು ಹುರಿಯಲು ಶುರುಮಾಡುವ ಹೊತ್ತು. ಎದುರು ಮನೆಯ ಮರಾಠಿಯವರು ಆ ದಿನ ಮನೆಯ ದೀಪಗಳನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕಿ, ಮಣೆಯ ಮೇಲೆ ಸಾಲಾಗಿಟ್ಟು ಪೂಜಿಸುತ್ತಾರೆ. ಲೀಲಕ್ಕನ ಮನೆಯಲ್ಲಿ ಆಟಿ. ಬೆಳಿಗ್ಗೆ ಅವರ ಮನೆಯ ಕಹಿ, ಮಧ್ಯಾಹ್ನ ನಮ್ಮ ಮನೆಯ ಉಂಡಿ, ಸಂಜೆ ಎದುರು ಮನೆಯ ಗೋಧಿ ಹಿಟ್ಟಿನ ಸಿಹಿ ದೀಪ. ಈಗ ಜಿನೆ ಹತ್ತುವುದು ಹೋಗಿ ಲಿಫ್ಟ್ ಬಂದಿದೆ. ಲಿಫ್ಟಿನಲ್ಲಿ ಯಾರ ಮನೆಯ ವಾಸನೆಯೂ ಬರುವುದಿಲ್ಲ.

ಆಟಿಯೆಂದರೆ ಏನೆಂದು ದೇವದಾಸಣ್ಣ ಒಂದೇ ಒಂದು ಸಲ ನನಗೆ ಹೇಳಿದ್ದರು. ಅವರು ಹೆಚ್ಚು ಮಾತಿನವರಲ್ಲ. ಪುಣೆಯ ಕ್ಯಾಂಪ್ ಬಡಾವಣೆಯ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತು, ಆಮೇಲೆ ಅದೇ ರಸ್ತೆಯಲ್ಲಿ ಹತ್ತು ಮೇಜಿನ ಸ್ವಂತ ಹೋಟೆಲು ಮಾಡಿದವರು. ಮಾತನ್ನೆಲ್ಲ ಕಾವಲಿಯ ಸದ್ದಿಗೆ ಬಿಟ್ಟುಕೊಟ್ಟಿದ್ದರೇನೋ.

"ಆಟಿ ಅಂದ್ರೆ ಹೊಟ್ಟೆ ಖಾಲಿ ತಿಂಗಳು ಶಿವಕ್ಕ," ಎಂದಿದ್ದರು. "ಮಳೆ ನಿಲ್ಲುವುದಿಲ್ಲ, ಅಕ್ಕಿ ಮುಗಿದಿರ್ತದೆ. ಹಲಸಿನ ಬೀಜ, ಕೆಸುವಿನ ಎಲೆ ತಿಂದು ದಿನ ದೂಡುವುದು. ಮೈಯಲ್ಲಿ ಬಲ ಇಲ್ಲ, ಜ್ವರ ಬರ್ತದೆ. ಆ ಒಂದು ಬೆಳಿಗ್ಗೆ ಮಾತ್ರ ಲೋಕದ ಮದ್ದೆಲ್ಲ ಪಾಲೆ ಮರಕ್ಕೆ ಬಂದು ಸೇರ್ತದೆ ಅಂತ ನಂಬಿಕೆ. ತಿನ್ಲಿಕ್ಕೆ ಇಲ್ಲದವನಿಗೆ ದೇವರು ಮದ್ದಾದ್ರೂ ಕೊಟ್ಟ, ಅಷ್ಟೇ."

ಅದಕ್ಕೆ ಕಟ್ಟಳೆಗಳೂ ಇದ್ದವು. ಮುನ್ನಾದಿನ ಸಂಜೆ ಹೋಗಿ ಮರಕ್ಕೆ ದಾರ ಕಟ್ಟಿ, ನಾಳೆ ಬರುತ್ತೇನೆಂದು ಹೇಳಿ ಬರಬೇಕು. ಸೂರ್ಯ ಹುಟ್ಟುವ ಮೊದಲು ಮನೆಯ ಹಿರಿಯ ಗಂಡಸು ಹೋಗಬೇಕು. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೊಗಟೆ ಎಬ್ಬಿಸಬೇಕು. ಹೋಗುವಾಗ ಬರುವಾಗ ಮಾತಾಡಬಾರದು. ಊರಿನಲ್ಲಾದರೆ ಮೈಮೇಲೆ ಬಟ್ಟೆಯೂ ಇಲ್ಲದೆ ಹೋಗುತ್ತಿದ್ದರಂತೆ. ಕೋಥರೂಡದಲ್ಲಿ ಹಾಗೆ ಹೋದರೆ ಮರಕ್ಕಿಂತ ಮೊದಲು ಪೊಲೀಸರು ಸಿಗುತ್ತಾರೆಂದು ದೇವದಾಸಣ್ಣ ಟವೆಲಿಗೆ ರಾಜಿಯಾಗಿದ್ದರು. ದಾರವೂ ಪುಣೆಯದ್ದೇ. ಹೋಟೆಲಿನಲ್ಲಿ ಇಡ್ಲಿ ಪೊಟ್ಟಣ ಕಟ್ಟುತ್ತಿದ್ದ ಕೆಂಪು ಬಿಳಿ ಹುರಿಯ ಪಾರ್ಸೆಲ್ ದಾರ.

ಪುಣೆಯಲ್ಲಿ ಪಾಲೆ ಮರಕ್ಕೇನೂ ಬರವಿಲ್ಲ. ಇಲ್ಲಿ ಅದನ್ನು ಸಪ್ತಪರ್ಣಿ ಎನ್ನುತ್ತಾರೆ. ಏಳೇಳು ಎಲೆಯ ಗೊಂಚಲು, ದಸರೆ ದಾಟಿದರೆ ತಲೆ ಸುತ್ತುವಷ್ಟು ವಾಸನೆಯ ಹೂವು. ಆದರೆ ಅಷ್ಟು ಮರಗಳಲ್ಲಿ ದೇವದಾಸಣ್ಣನ ಮರ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಹೆಂಡತಿಗೂ. ಕೇಳಿದರೆ, "ಹೇಳಿದ್ರೆ ನಾಳೆ ಪುಣೆಯಲ್ಲಿರುವ ನಮ್ಮ ಊರಿನ ಹೋಟೆಲಿನವರೆಲ್ಲ ಬಂದು ಸುಲಿದಾರು. ಮರ ಸಾಯ್ತದೆ" ಎನ್ನುತ್ತಿದ್ದರು.

ಹೋದ ವರ್ಷ ದೀಪಾವಳಿ ಮುಗಿದ ವಾರದಲ್ಲಿ, ಎಪ್ಪತ್ತಮೂರನೆಯ ವಯಸ್ಸಿಗೆ, ದೇವದಾಸಣ್ಣ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಅವರ ಜೊತೆ ಆ ಮರದ ಗುರುತೂ ಹೋಯಿತು.

ಈ ವರ್ಷ ಮೃಗಶಿರಾ ಮಳೆ ಶುರುವಾದದ್ದೇ ಲೀಲಕ್ಕ ಆ ಮಾತು ಎತ್ತಿದರು. ಮಗ ಸುಖೇಶ್ ಒಪ್ಪಲಿಲ್ಲ. ಈಗ ಹೋಟೆಲು ನಡೆಸುವವನು ಅವನೇ.

"ವರ್ಷ ಆಗಲಿಲ್ಲ ಅಮ್ಮ. ಹಬ್ಬ ಮಾಡ್ಲಿಕ್ಕಿಲ್ಲ."

"ಇದು ಹಬ್ಬ ಅಲ್ಲ, ಮದ್ದು."

"ಮದ್ದಾದ್ರೆ ಇನ್ನೂ ಕಷ್ಟ. ಯಾವುದೋ ಮರ ಅಂತ ತಿಳಿದು ಕಾಸರಕದ ತೊಗಟೆ ಕುಡಿದು ಸತ್ತವರಿದ್ದಾರೆ. ಅಪ್ಪನ ಮರವೇ ಅಂತ ಗ್ಯಾರಂಟಿ ಇದ್ರೆ ಗಂಜಿ ನಾನೇ ಮಾಡ್ತೇನೆ. ಇಲ್ಲದಿದ್ರೆ ಈ ಮನೆಯಲ್ಲಿ ಇದು ಅಪ್ಪನ ಜೊತೆಗೆ ಮುಗಿಯಿತು ಅಂತ ತಿಳ್ಕೊಳ್ಳಿ."

ಅವನ ಹೆದರಿಕೆ ತಪ್ಪಲ್ಲ. ಆದರೆ ಮುಗಿಯಿತು ಎಂಬ ಮಾತು ಲೀಲಕ್ಕನಿಗೆ ಚುಚ್ಚಿತು. ಮರುದಿನ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಕಣ್ಣು ಒರೆಸಿಕೊಂಡರು.

"ಅವರು ಕುಡಿದ ಮರದ್ದು ಒಂದು ಸಲವಾದ್ರೂ ಕುಡಿಯಬೇಕು ಶಿವಕ್ಕ. ಎಷ್ಟು ವರ್ಷ ಎಲ್ಲಿ ಹೋಗ್ತಿದ್ರು ಅಂತಲೇ ಗೊತ್ತಿಲ್ಲದೆ ನಾನು ಎಂಥ ಹೆಂಡತಿ?"

"ಏಳ್ರಿ," ಎಂದೆ. "ಹುಡುಕೂಣ. ನಡಕೊಂತ ಹೋಗಿ ತಾಸಿನ್ಯಾಗ ಬರ್ತಿದ್ರು ಅಂದ್ಮ್ಯಾಲ ಮರ ಭಾಳ ದೂರ ಇರಂಗಿಲ್ಲ."

ಹಾಗೆ ಶುರುವಾಯಿತು ನಮ್ಮ ಮರದ ತಪಾಸಣೆ. ಅರವತ್ತು ದಾಟಿದ ಇಬ್ಬರು ಹೆಂಗಸರು, ಎರಡು ಛತ್ರಿ, ದಿನಾ ಸಂಜೆ ಕೋಥರೂಡದ ಒಂದೊಂದು ಗಲ್ಲಿ. ಸಪ್ತಪರ್ಣಿ ಕಂಡ ಕಡೆಯೆಲ್ಲ ನಿಂತು ತೊಗಟೆ ಸವರುವುದು, ಕಲ್ಲಿನಿಂದ ಜಜ್ಜಿದ ಗುರುತಿದೆಯೇ ಎಂದು ನೋಡುವುದು. ಒಂದು ಮರಕ್ಕೆ ಕೋಚಿಂಗ್ ಕ್ಲಾಸಿನ ಬೋರ್ಡು ಹೊಡೆದ ಮೊಳೆಗಳಿದ್ದವು, ಇನ್ನೊಂದಕ್ಕೆ ಮದುವೆಯ ದೀಪದ ಸರ ಹಾಗೇ ಸುತ್ತಿತ್ತು. ಒಬ್ಬ ವಾಚ್‌ಮನ್ "ಕಾಯ್ ಶೋಧತಾಯ್ ಮಾವಶಿ?" ಎಂದು ಏನು ಹುಡುಕುತ್ತಿದ್ದೀರೆಂದು ಕೇಳಿದ. ಮರ ನೋಡುತ್ತಿದ್ದೇವೆ ಎಂದದ್ದೇ ತಪ್ಪಾಯಿತು. ನಾವು ಪಾಲಿಕೆಯಿಂದ ಬಂದವರೆಂದು ತಿಳಿದು ಆ ಸೊಸೈಟಿಯ ಮೂವರು ಕೆಳಗಿಳಿದು ಬಂದರು. ಟೊಂಗೆ ತಂತಿಗೆ ತಾಗುತ್ತದೆ, ಹೂವಿನ ವಾಸನೆಗೆ ತಲೆನೋವು, ಕಡಿಸಿಬಿಡಿ ಎಂದು ದೂರು ಬರೆಸಲು ನಿಂತರು. ನನ್ನ ಪಿತ್ತ ನೆತ್ತಿಗೇರಿತು. "ಮರಕ್ಕ ನಿಮ್ಮ ವಾಸನಿ ಬರ್ತದಂತ, ಅದು ಯಾರಿಗೆ ದೂರು ಕೊಡಬೇಕ್ರಿ?" ಎಂದು ಕನ್ನಡದಲ್ಲಿಯೇ ಹೇಳಿ ನಡೆದುಬಿಟ್ಟೆ. ಲೀಲಕ್ಕ ಎಷ್ಟೋ ತಿಂಗಳ ಮೇಲೆ ಆ ದಿನ ನಕ್ಕರು.

ನಲವತ್ತೊಂದು ಮರ ನೋಡಿದೆವು. ಒಂದರ ಮೇಲೂ ಗುರುತಿಲ್ಲ. ಅಮಾವಾಸ್ಯೆಗೆ ಐದು ದಿನ ಉಳಿದಿತ್ತು.

ಶನಿವಾರ ಸಂಜೆ ಹಳೆಯ ಒಂದು ಬಂಗಲೆಯ ಹಿಂದಿನ ಗಲ್ಲಿಯಲ್ಲಿ ಮಳೆ ಹಿಡಿಯಿತು. ಛತ್ರಿಗೆ ನಿಲ್ಲದ ಮಳೆ. ಕಾಂಪೌಂಡ್ ಗೋಡೆಗೂ ಅದರ ಹೊರಗಿದ್ದ ದೊಡ್ಡ ಸಪ್ತಪರ್ಣಿಗೂ ನಡುವೆ ಎರಡು ಮೊಳದ ಸಂದು, ಅದರೊಳಗೆ ಸೇರಿಕೊಂಡೆವು. ರಸ್ತೆಯ ಕಡೆಯಿಂದ ಆ ಮರವನ್ನು ನಾವು ಮೊದಲೇ ನೋಡಿ ಬಿಟ್ಟಿದ್ದೆವು. ಲೀಲಕ್ಕ ಮರಕ್ಕೆ ಬೆನ್ನು ಆನಿಸಿದವರು ಸಟ್ಟನೆ ತಿರುಗಿದರು.

"ಶಿವಕ್ಕ, ಬೆನ್ನಿಗೆ ಎಂತದ್ದೋ ಒತ್ತಿತು."

ಗೋಡೆಯ ಕಡೆಯ ತೊಗಟೆಯ ತುಂಬ ಗಾಯಗಳು. ಚಾಕು ಕೊಡಲಿಯದಲ್ಲ. ಅಂಗೈಯಗಲ, ಸೊಟ್ಟ ಪಟ್ಟ, ಸುತ್ತ ತುಟಿ ಕಟ್ಟಿಕೊಂಡು ಮಾಯ್ದವು. ಒಂದು ಮಾಯ್ದ ಜಾಗದಲ್ಲಿ ಇನ್ನೊಂದಿಲ್ಲ. ಪ್ರತಿ ವರ್ಷ ಹೊಸ ಜಾಗ ಹುಡುಕಿ, ಮರಕ್ಕೆ ಹೆಚ್ಚು ನೋವಾಗದಂತೆ ತೆಗೆದವರ ಕೈ. ಮತ್ತು ಕಾಂಡದ ಸುತ್ತ, ರಸ್ತೆಯಿಂದ ನೋಡಿದರೆ ತೊಗಟೆಯೆಂದೇ ಕಾಣುವಷ್ಟು ಮಣ್ಣಿನ ಬಣ್ಣಕ್ಕೆ ತಿರುಗಿದ ಪಾರ್ಸೆಲ್ ದಾರ. ಹೋಟೆಲಿನಲ್ಲಿ ಈಗ ಪ್ಲಾಸ್ಟಿಕ್ ಡಬ್ಬಿಗಳು ಬಂದು ದಾರ ಕಟ್ಟುವುದೇ ನಿಂತು ಎಷ್ಟೋ ವರ್ಷವಾಗಿತ್ತು. ಉಳಿದ ಎರಡು ಉಂಡೆಯನ್ನು ದೇವದಾಸಣ್ಣ ಮನೆಯಲ್ಲಿ ತೆಗೆದಿಟ್ಟುಕೊಂಡಿದ್ದರು.

ಲೀಲಕ್ಕ ಎರಡೂ ಕೈಯಲ್ಲಿ ಮರ ಸವರುತ್ತ ನಿಂತರು. ನಾನು ಮಾತ್ರ ಗಾಯಗಳನ್ನು ನೋಡುತ್ತ ಹೋದೆ. ಮೂವತ್ತು ವರ್ಷ ಬ್ಲೌಸು, ಕುರ್ತಾ, ಅಂಗಿ ಹೊಲಿದ ಕಣ್ಣು ನನ್ನದು. ಅಳತೆ ನನಗೆ ತಾನಾಗಿಯೇ ಕಾಣುತ್ತದೆ. ಪೂರ್ತಿ ಮಾಯ್ದ, ಎಲ್ಲಕ್ಕಿಂತ ಹಳೆಯ ಗಾಯಗಳು ದೇವದಾಸಣ್ಣನ ಭುಜದ ಮಟ್ಟದಲ್ಲಿದ್ದವು. ಆಮೇಲಿನವು ಎದೆಯ ಮಟ್ಟ. ಆಮೇಲೆ ಸೊಂಟ.

"ಮರ ಬೆಳದಂಗ ಗಾಯಾನೂ ಮ್ಯಾಲ ಹೋಗ್ತಾವೇನ್ರಿ ಲೀಲಕ್ಕ?" ಎಂದೆ.

"ಇಲ್ಲ. ಮರ ತುದಿಯಲ್ಲಿ ಬೆಳೆಯುವುದು. ಗಾಯ ಇದ್ದಲ್ಲೇ ಇರ್ತದೆ. ಯಾಕೆ?"

ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಿತ್ತು. ಆದರೆ ನನ್ನ ಬೆರಳು ಆಗಲೇ ತೋರಿಸಿಬಿಟ್ಟಿತ್ತು. ಕೊನೆಯ ಮೂರು ಗಾಯ, ಇನ್ನೂ ತುಟಿ ಕೂಡದವು, ಮೊಣಕಾಲಿನ ಮಟ್ಟದಲ್ಲಿದ್ದವು. ನಿಂತವರು ಅಲ್ಲಿ ಕಲ್ಲು ಬೀಸಲಾರರು. ಅದು ನೆಲದ ಮೇಲೆ ಕೂತವರ ಕೈ.

ಲೀಲಕ್ಕ ಮೆಲ್ಲಗೆ ಬಗ್ಗಿ ಎಲ್ಲಕ್ಕಿಂತ ಕೆಳಗಿನದನ್ನು ಮುಟ್ಟಿದರು. ಅವರಿಗೆ ನಾನು ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಂದ್ರೆ ಮೂರು ವರ್ಷದಿಂದ ಅವರಿಗೆ ನಿಂತು ಹೊಡೀಲಿಕ್ಕೆ ಆಗ್ತಿರಲಿಲ್ಲ," ಎಂದರು. "ಕೂತು, ಉಸಿರು ತೆಗೆದು, ಮತ್ತೆ ಹೊಡೆದಿದ್ದಾರೆ. ಹೋದ ವರ್ಷ ಮನೆಗೆ ಬರುವಾಗ ಏಳು ಗಂಟೆ ಶಿವಕ್ಕ. ನಾನು ಬಾಗಿಲಲ್ಲಿಯೇ ಬೈದೆ. ಎಲ್ಲಿ ಚಾ ಕುಡಿಯುತ್ತ ಕೂತಿದ್ರಿ, ಗಂಜಿ ತಣ್ಣಗಾಯ್ತು ಅಂತ. ಅವರು ಮಾತಾಡುವ ಹಾಗಿರಲಿಲ್ಲ ಅಲ್ವಾ? ಬಾಯಿ ತೆರೆಯಲಿಕ್ಕಿಲ್ಲದವರನ್ನು ನಿಲ್ಲಿಸಿ ಬೈದೆ."

"ಕುಡದ ಮ್ಯಾಲರ ಹೇಳಬೇಕಿತ್ತಲ್ರಿ ಅವರು?"

"ಕುಡಿದ ಮೇಲೆ, ಗಂಜಿ ಚೆಂದ ಆಗಿದೆ ಅಂದ್ರು."

ಮಳೆ ನಿಂತ ಮೇಲೂ ನಾವು ಅಲ್ಲಿಯೇ ಇದ್ದೆವು. ನನಗೆ ಅಳು ಬಂತು. ನಾನು ಅತ್ತೆ. ಲೀಲಕ್ಕ ಅಳಲಿಲ್ಲ. ದಾರದ ಒಂದು ತುಂಡನ್ನು ಬಿಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು.

"ಸುಖೇಶನಿಗೆ ದಾರ ಮಾತ್ರ ತೋರಿಸುವುದು. ಈ ಕೆಳಗಿನದ್ದು ಹೇಳುವುದು ಬೇಡ. ಆ ಹೊತ್ತಿಗೆ ಅವನು ಹೋಟೆಲು ತೆಗೀಲಿಕ್ಕೆ ಹೋಗಿರ್ತಿದ್ದ. ಗೊತ್ತಾದ್ರೆ ಅವನಿಗೆ ನಿದ್ದೆ ಬರ್ಲಿಕ್ಕಿಲ್ಲ."

ದಾರ ನೋಡಿದ ಸುಖೇಶ್ ಅದನ್ನು ಬೆರಳಿಗೆ ಸುತ್ತಿಕೊಂಡ. ಮನೆಯ ಹಿರಿಯ ಗಂಡಸು ಈಗ ಅವನೇ ಆದ್ದರಿಂದ ತಾನೇ ಹೋಗುತ್ತೇನೆಂದ. ಲೀಲಕ್ಕ ಬೇಡವೆಂದರು. "ಮುಂದಿನ ವರ್ಷದಿಂದ ನೀನು. ಈ ಸಲ ನಾನು. ನೀನು ಗಂಜಿ ಮಾಡು."

ಬುಧವಾರ ಸಂಜೆ ಹೊಸ ದಾರ ಕಟ್ಟಿ, ನಾಳೆ ಬರುತ್ತೇವೆಂದು ಮರಕ್ಕೆ ಹೇಳಿ ಬಂದೆವು. ಗುರುವಾರ ನಸುಕಿನಲ್ಲಿ ಹೊರಟಾಗ ಹನಿ ಬೀಳುತ್ತಿತ್ತು. ಛತ್ರಿ ತಗೊಂಡೆ. ಲೀಲಕ್ಕ ಅದರ ಕಡ್ಡಿ ಮುಟ್ಟಿ ತೋರಿಸಿ ತಲೆಯಾಡಿಸಿದರು, ಕಬ್ಬಿಣ. ಛತ್ರಿ ಬಿಟ್ಟೆ. ಸೆರಗಿನ ಪಿನ್ನು, ಬ್ಲೌಸಿಗೆ ಸದಾ ಚುಚ್ಚಿಕೊಂಡಿರುವ ನಾಲ್ಕು ಸೂಜಿ, ಅವನ್ನೂ ತೆಗೆದಿಟ್ಟೆ. ಹೊಲಿಗೆಯವಳನ್ನು ಜೊತೆಗೆ ಕರೆದುಕೊಂಡು ಹೋದರೆ ಇಷ್ಟು ಕಬ್ಬಿಣ ಬರುತ್ತದೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಬಾಯಿ ಮುಚ್ಚಿಕೊಂಡು ನಡೆಯುವುದು. ಇಪ್ಪತ್ತು ನಿಮಿಷದ ದಾರಿ ನನಗೆ ಪಂಢರಪುರಕ್ಕೆ ನಡೆದು ಹೋದಷ್ಟಾಯಿತು.

ಮರದ ಹತ್ತಿರ ಲೀಲಕ್ಕ ಮೊದಲು ನಿಂತು ಕಲ್ಲು ಹೊಡೆದರು. ತೊಗಟೆ ಏಳಲಿಲ್ಲ. ಕೈ ಸೋತಿತು. ಆಮೇಲೆ ಗೋಡೆ ಹಿಡಿದು ನಿಧಾನಕ್ಕೆ ನೆಲಕ್ಕೆ ಕೂತರು, ದೇವದಾಸಣ್ಣ ಕೂತಿರಬಹುದಾದ ಜಾಗದಲ್ಲಿಯೇ. ಕೂತವರು ಕಲ್ಲು ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಉಳಿದರು. ಬೆಳಕು ಹರಿಯಲು ಹತ್ತಿತು. ಏಳಿ ಎನ್ನುವ ಹಾಗಿಲ್ಲ, ಅಳಬೇಡಿ ಎನ್ನುವ ಹಾಗಿಲ್ಲ. ನಾನು ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಅವರು ಕೊನೆಯ ಗಾಯದ ಪಕ್ಕದಲ್ಲಿ, ಕೂತಲ್ಲಿಂದಲೇ, ನಾಲ್ಕೈದು ಪೆಟ್ಟು ಹಾಕಿದರು. ಬಿಳಿ ಹಾಲು ಇಳಿಯಿತು. ಎದ್ದು ಮರಕ್ಕೆ ಕೈ ಮುಗಿದರು.

ಸೊಸೈಟಿಯ ಗೇಟಿನಲ್ಲಿ ಹೊಸ ಸೆಕ್ಯುರಿಟಿಯವನು ತಡೆದ. ತೊಯ್ದು ಹೋದ ಇಬ್ಬರು ಮುದುಕಿಯರು, ಒಬ್ಬರ ಕೈಯಲ್ಲಿ ಕಲ್ಲು. ಯಾವ ಫ್ಲ್ಯಾಟು, ಏನದು ಗಂಟು ಎಂದು ಮರಾಠಿಯಲ್ಲಿ ಕೇಳಿದ, ಹಿಂದಿಯಲ್ಲಿ ಕೇಳಿದ. ನಾವು ಬಾಯಿ ಬಿಡಲಿಲ್ಲ. ಅವನ ದನಿ ಏರತೊಡಗಿತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ಗೇಟಿನಲ್ಲಿ ನಾನು ಕೂಗಿದ ಕೂಗು ನನಗೇ ತಿರುಗಿ ಬರುತ್ತಿದೆ ಅನ್ನಿಸಿತು. ದೇವದಾಸಣ್ಣನ ಹಾಗೆ ಕೈ ಮುಗಿದು ಒಳಗೆ ನಡೆದೆವು.

ಮೇಲೆ ಬಾಗಿಲು ತೆರೆದೇ ಇತ್ತು. ಸುಖೇಶ್ ಸೌಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಹೆದರಿಕೆಯಿಂದ ಮುಖ ಬಿಳಿಚಿಕೊಂಡಿತ್ತು.

"ಎಷ್ಟು ಹೊತ್ತಮ್ಮ! ಗಂಟೆ ಏಳಾಯ್ತು. ಎಲ್ಲಿ ಕೂತಿದ್ರಿ ಇಬ್ಬರೂ? ಗಂಜಿ ತಣ್ಣಗಾಯ್ತು ನೋಡಿ!"

ಲೀಲಕ್ಕ ಇದ್ದಲ್ಲೇ ನಿಂತುಬಿಟ್ಟರು. ನನ್ನ ನಾಲಿಗೆಯ ತುದಿಗೆ ನೂರು ಉತ್ತರ ಬಂದವು, ಎಲ್ಲವನ್ನೂ ನುಂಗಿದೆ. ಅವರು ಮಗನ ಮುಖ ನೋಡಿದರು, ಅವನ ಕೈಯಲ್ಲಿ ಗಂಟು ಇಟ್ಟರು, ಒಳಗೆ ಹೋದರು.

ಅವನೇ ಜಜ್ಜಿದ, ಹಿಂಡಿದ. ಬೆಣಚುಕಲ್ಲು ಕಾಯಿಸಿ ಅದ್ದಿದ. ಮೊದಲ ಲೋಟ ಅಮ್ಮನಿಗೆ ಕೊಟ್ಟು, ಎರಡನೆಯದನ್ನು ತಾನು ಕಣ್ಣುಮುಚ್ಚಿ ಕುಡಿದ, ಮೂರನೆಯದು ನನಗೆ. ಅದೇ ಕಹಿ. ಆಮೇಲೆ ತಣ್ಣಗಾದ ಗಂಜಿಯನ್ನು ಬಟ್ಟಲಿಗೆ ಬಡಿಸಿ ಅಮ್ಮನ ಮುಂದಿಟ್ಟು, ಬೈದದ್ದಕ್ಕೆ ಏನು ಹೇಳುತ್ತಾರೋ ಎಂದು ಕಾಯುತ್ತ ನಿಂತ.

ಲೀಲಕ್ಕ ಒಂದು ಚಮಚ ಬಾಯಿಗಿಟ್ಟುಕೊಂಡರು. ಇನ್ನು ಮಾತಾಡಬಹುದಿತ್ತು.

"ಗಂಜಿ ಚೆಂದ ಆಗಿದೆ ಮಗ," ಎಂದರು.

ನಾನು ನನ್ನ ಬಟ್ಟಲನ್ನು ಅವನ ಮುಂದೆ ಚಾಚಿದೆ.